ಸುರಂಗ ಹೊಕ್ಕ ಗಣಕ, ಕಾಣದಾದ ಪ್ರಿಂಟರ್

ಮಂಜೇಶ್ವರದ ಕಡೆಯ ವಾಚಕರೊಬ್ಬರು ಈ ಅಂಕಣಕ್ಕೆ ಬರೆದ ಪತ್ರದಲ್ಲಿ ತಮ್ಮ ಮನೆಯ ತೊಡಕೊಂದನ್ನು ತೋಡಿಕೊಂಡಿದ್ದಾರೆ. ಅವರ ಸೊಸೆ ಬೆಂಗಳೂರಿನ ಸಂಸ್ಥೆಯೊಂದರ ಉದ್ಯೋಗಿ. ಮನೆಯಲ್ಲಿದ್ದುಕೊಂಡೇ ಕೆಲಸ ಮಾಡುವವರು. ಬೆಳಗ್ಗೆ ಒಂಬತ್ತಕ್ಕೆ ಸಂಸ್ಥೆ ಕೊಟ್ಟ ಗಣಕದಲ್ಲಿ ‘ವಿ.ಪಿ.ಎನ್.’ ಎಂಬುದನ್ನು ಚಾಲೂ ಮಾಡಿದರೆಂದರೆ, ನಾಲ್ಕು ಮೊಳ ದೂರದ ಮೇಜಿನ ಮೇಲಿರುವ ಪ್ರಿಂಟರ್ ಆ ಗಣಕದ ಪಾಲಿಗೆ ಇಲ್ಲವೇ ಇಲ್ಲ. ಸಂಜೆ ಅದನ್ನು ನಿಲ್ಲಿಸಿದೊಡನೆ ಪ್ರಿಂಟರ್ ಮತ್ತೆ ಪ್ರತ್ಯಕ್ಷವಾಗುತ್ತದೆ. ಮಾವನವರ ಭೂತೆರಿಗೆಯ ರಶೀದಿ, ಔಷಧದ ಚೀಟಿ, ತಾಳಮದ್ದಳೆಯ ಕರೆಯೋಲೆ, ಎಲ್ಲವೂ ಸಂಜೆಯವರೆಗೆ ಕಾಯಬೇಕು. ನೆರೆಮನೆಯ ಹುಡುಗ ಇದನ್ನು ಐದು ನಿಮಿಷದಲ್ಲಿ ಸರಿಪಡಿಸುತ್ತೇನೆ ಎನ್ನುತ್ತಾನಂತೆ. ಸೊಸೆಯೋ, “ಬೇಡ ಮಾವ, ಆಫೀಸಿನವರಿಗೆ ತಿಳಿದರೆ ಕೆಲಸಕ್ಕೇ ಕುತ್ತು” ಎನ್ನುತ್ತಾಳಂತೆ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಪತ್ರದ ಪ್ರಶ್ನೆ.

ಸೊಸೆಯ ಮಾತೇ ಸರಿ. ಆದರೆ ಹುಡುಗ ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಗಣಕವೂ ವಿ.ಪಿ.ಎನ್. ಸೇವೆಯೂ ನಮ್ಮದೇ ಆಗಿದ್ದ ಪಕ್ಷದಲ್ಲಿ ಅವನ ಐದು ನಿಮಿಷ ಸಾಕಾಗುತ್ತಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳನ್ನು ಕಾಸರಗೋಡಿನ ಕನ್ನಡಿಗರು ಮರೆತಿರಲಾರರು. ಆ ಅಡ್ಡಿಯನ್ನು ತೆಗೆಸುವಂತೆ ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವೇ ಕೇಂದ್ರ ಸರಕಾರಕ್ಕೆ ಹೇಳಬೇಕಾಯಿತು. ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದವರು, ಬೆಂಗಳೂರಿನಿಂದ ಊರಿಗೆ ಬಂದು ಸಿಕ್ಕಿಬಿದ್ದವರು, ಹೊಸೂರಿನಿಂದ ನಲವತ್ತು ಕಿಲೋಮೀಟರು ಆಚೆಗಿನ ರಾಜಧಾನಿಗೆ ನಿತ್ಯ ಪಯಣಿಸುತ್ತಿದ್ದವರು, ಇವರೆಲ್ಲರ ಕೆಲಸ ಅಂದು ಮನೆಯ ಚಾವಡಿಗೆ ಬಂತು. ಗಡಿ ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಅದು ಅಲ್ಲಿಯೇ ಉಳಿಯಿತು. ಸಂಬಳವೂ ಇದೆ, ವೃದ್ಧ ತಂದೆತಾಯಿಗಳ ಸನಿಹವೂ ಇದೆ ಎಂಬ ಈ ಅನುಕೂಲ ನಮ್ಮ ಊರುಗಳಿಗೆ ಸಣ್ಣದಲ್ಲ. ಅದನ್ನು ನಡೆಸಿಕೊಂಡು ಬರುತ್ತಿರುವ ಯಂತ್ರದ ಮರ್ಮವನ್ನು ಮನೆಮಂದಿ ಇಷ್ಟಾದರೂ ತಿಳಿದಿರುವುದು ಒಳ್ಳೆಯದು.

ಮೊದಲು ಮನೆಯ ಜಾಲದ ಮಾತು. ಅಂತರಜಾಲದ ತಂತಿ ಮನೆಗೆ ಬಂದು ಸೇರುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದು ಮನೆಯ ಪ್ರತಿಯೊಂದು ಉಪಕರಣಕ್ಕೂ, ಎಂದರೆ ಗಣಕ, ಮೊಬೈಲು, ಪ್ರಿಂಟರ್, ಟಿ.ವಿ., ಅಂಗಳದ ಕ್ಯಾಮರಾ ಇವುಗಳಿಗೆ ಒಂದೊಂದು ವಿಳಾಸವನ್ನು ಹಂಚುತ್ತದೆ. ರೂಟರ್ 192.168.1.1 ಆದರೆ ಪ್ರಿಂಟರ್ 192.168.1.20 ಆಗಿದ್ದೀತು. ಇದರಲ್ಲಿ ಮೊದಲ ಮೂರು ಅಂಕಿಗಳು ಮನೆಯ ಹೆಸರಿದ್ದಂತೆ, ಎಲ್ಲರಿಗೂ ಸಮಾನ; ಕೊನೆಯದು ಅವರವರದು. ಒಂದೇ ಮನೆಯೊಳಗೆ ಅಡಿಗೆಮನೆಯಿಂದ ಜಗಲಿಗೆ ಮಾತು ಮುಟ್ಟಿಸಲು ಅಂಚೆಕಚೇರಿ ಬೇಕಿಲ್ಲವಷ್ಟೆ. ಹಾಗೆಯೇ ಗಣಕದಿಂದ ಪ್ರಿಂಟರಿಗೆ ಹೋಗುವ ಕಾಗದ ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ.

ಗಣಕದ ಒಳಗೆ ಒಂದು ದಾರಿಪಟ್ಟಿ ಇರುತ್ತದೆ. ಮನೆಯ ವಿಳಾಸಕ್ಕೆ ಹೋಗುವುದನ್ನು ನೇರವಾಗಿ ಕೊಡು, ಮಿಕ್ಕಿದ್ದೆಲ್ಲವನ್ನೂ ರೂಟರಿನ ಕೈಗೆ ಕೊಡು ಎಂಬುದು ಅದರ ಸಾರ. ಒಂದೇ ಕಾಗದಕ್ಕೆ ಎರಡು ನಿಯಮ ಅನ್ವಯಿಸುವಂತಿದ್ದರೆ ಹೆಚ್ಚು ನಿಖರವಾದುದು ಗೆಲ್ಲುತ್ತದೆ. ಈ ಒಂದು ವಾಕ್ಯವನ್ನು ನೆನಪಿನಲ್ಲಿಡಿ. ಮುಂದಿನ ಉಪಾಯವೂ ಅಪಾಯವೂ ಇದರಲ್ಲೇ ಅಡಗಿವೆ.

ವಿ.ಪಿ.ಎನ್. ಮಾಡುವುದೇನೆಂದರೆ, ಈ ಪಟ್ಟಿಯ ‘ಮಿಕ್ಕಿದ್ದೆಲ್ಲ’ ಎಂಬ ಸಾಲನ್ನು ಬದಲಿಸುವುದು. ಮಿಕ್ಕಿದ್ದೆಲ್ಲವನ್ನೂ ಗೂಢಲಿಪಿಯಲ್ಲಿ ಬರೆದು, ಇನ್ನೊಂದು ಲಕೋಟೆಯೊಳಗಿಟ್ಟು, ಬೆಂಗಳೂರಿನ ಕಚೇರಿಯ ಬಾಗಿಲಲ್ಲಿರುವ ಯಂತ್ರಕ್ಕೇ ಕಳುಹಿಸು ಎಂದು ಅದು ವಿಧಿಸುತ್ತದೆ. ನಡುವಿನ ತಂತಿಯವರಿಗೆ ಹೊರಗಿನ ಲಕೋಟೆ ಮಾತ್ರ ಕಾಣುತ್ತದೆ. ಇದಕ್ಕೆ ಸುರಂಗ ಎಂದು ಹೆಸರು. ಈ ಶಬ್ದ ಕಾಸರಗೋಡು ಸೀಮೆಯವರಿಗೆ ಹೊಸತಲ್ಲ. ಮುರಕಲ್ಲಿನ ಗುಡ್ಡದ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ತೋಟದ ತೊಟ್ಟಿಗೆ ಇಳಿಸಿಕೊಂಡ ಹಿರಿಯರ ಸುರಂಗಗಳನ್ನು ಬಾಯಾರಿನ ಸುತ್ತಮುತ್ತ ಇಂದಿಗೂ ಕಾಣಬಹುದು. ಆ ಸುರಂಗ ಗುಡ್ಡದ್ದನ್ನು ಮನೆಗೆ ತರುತ್ತದೆ. ಈ ಸುರಂಗ ಮನೆಯದನ್ನು ದೂರಕ್ಕೆ ಒಯ್ಯುತ್ತದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಈಗ ಸೂಕ್ಷ್ಮವಾಗಿ ನೋಡುವವರಿಗೆ ಒಂದು ಸಂದೇಹ ಬರಬೇಕು. ಬದಲಾದದ್ದು ‘ಮಿಕ್ಕಿದ್ದೆಲ್ಲ’ ಎಂಬ ಸಾಲು ಮಾತ್ರ. ಮನೆಯ ವಿಳಾಸದ ಸಾಲು ಹಾಗೆಯೇ ಇದೆ, ಅದು ಹೆಚ್ಚು ನಿಖರವೂ ಹೌದು. ಅಂದಮೇಲೆ ಪ್ರಿಂಟರಿಗೆ ದಾರಿ ತಪ್ಪಬಾರದಿತ್ತಲ್ಲ? ನಿಜ, ಎಷ್ಟೋ ಮನೆಗಳಲ್ಲಿ ತಪ್ಪುವುದೂ ಇಲ್ಲ. ತಪ್ಪಿದಲ್ಲಿ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಹೆಚ್ಚಾಗಿ ಕಾಣುವ ಕಾರಣವೆಂದರೆ ಬುದ್ಧಿಪೂರ್ವಕವಾದ ನಿಷೇಧ. ಸುರಂಗ ತೆರೆದಿರುವಷ್ಟು ಹೊತ್ತು ಅಕ್ಕಪಕ್ಕದ ಯಾವ ಯಂತ್ರದೊಡನೆಯೂ ಮಾತು ಬೇಡ ಎಂದು ಕಚೇರಿಯವರು ಗಣಕಕ್ಕೆ ಕಟ್ಟುಪಾಡು ಹಾಕಿರುತ್ತಾರೆ. ಇನ್ನು ಕೆಲವೆಡೆ ದಾರಿ ತೆರೆದೇ ಇರುತ್ತದೆ, ಹೆಸರು ಮಾತ್ರ ತಿಳಿಯದು. ಸಾಮಾನ್ಯವಾಗಿ ಗಣಕವು “ಈ ಮನೆಯಲ್ಲಿ ಪ್ರಿಂಟರ್ ಯಾರು?” ಎಂದು ಮನೆಗೆಲ್ಲ ಕೇಳುವಂತೆ ಕೂಗುತ್ತದೆ, ಪ್ರಿಂಟರ್ ಓಗೊಡುತ್ತದೆ. ಸುರಂಗ ಹೊಕ್ಕ ಗಣಕ ಆ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿದರೆ ಉತ್ತರಿಸುವವರು ಯಾರು? ಇದನ್ನು ಪರೀಕ್ಷಿಸುವ ಉಪಾಯ ಸುಲಭ. ವಿ.ಪಿ.ಎನ್. ಚಾಲೂ ಇರುವಾಗಲೇ ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು ಅಂಕಿಗಳಲ್ಲಿ ಬರೆದು ನೋಡಬೇಕು. ರೂಟರಿನ ಪುಟ ತೆರೆದುಕೊಂಡರೆ ದಾರಿ ಇದೆ, ಹೆಸರಷ್ಟೇ ಇಲ್ಲವೆಂದು ಅರ್ಥ. ಆಗ ಪ್ರಿಂಟರನ್ನು ಹೆಸರಿನ ಬದಲು ಅಂಕಿಯ ವಿಳಾಸದಿಂದ ಗಣಕಕ್ಕೆ ಪರಿಚಯಿಸಬೇಕು; ಆ ವಿಳಾಸ ದಿನದಿಂದ ದಿನಕ್ಕೆ ಬದಲಾಗದಂತೆ ರೂಟರಿನಲ್ಲಿ ಪ್ರಿಂಟರಿಗಾಗಿಯೇ ಕಾಯ್ದಿರಿಸಬೇಕು. ಪುಟ ತೆರೆಯದಿದ್ದರೆ ನಿಷೇಧವಿದೆಯೆಂದೇ ಬಹುಮಟ್ಟಿಗೆ ತಿಳಿಯಬಹುದು. ಇಷ್ಟಕ್ಕೆಲ್ಲ ಮೊದಲು, ವಿ.ಪಿ.ಎನ್. ಇಲ್ಲದಿರುವಾಗ ಪ್ರಿಂಟರ್ ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ಗಣಕವನ್ನು ರೂಟರಿನ ‘ಗೆಸ್ಟ್’ ಜಾಲಕ್ಕೆ ಸೇರಿಸಿದ್ದರೆ ಮನೆಯ ಬೇರೆ ಉಪಕರಣಗಳು ಅದಕ್ಕೆ ಕಾಣುವುದಿಲ್ಲ, ವಿ.ಪಿ.ಎನ್.ನ್ನು ದೂರುವುದು ಆಗ ವ್ಯರ್ಥ.

ಇನ್ನೊಂದು ಕಾರಣ ಬಹಳ ಸ್ವಾರಸ್ಯದ್ದು. ನಮ್ಮ ಕಡೆ ಹೊಸಮನೆ ಎಂಬ ಹೆಸರಿನ ಮನೆ ಇಲ್ಲದ ಗ್ರಾಮವುಂಟೇ? ಕಾಗದದ ಮೇಲೆ ಹೊಸಮನೆ ಎಂದಷ್ಟೇ ಬರೆದರೆ ಅಂಚೆಯವನು ಯಾವ ಹೊಸಮನೆಗೆ ಒಯ್ಯಬೇಕು? ಮನೆಯ ಜಾಲಗಳಿಗೆಂದು ವಿಳಾಸಗಳ ಮೂರು ಗುಂಪುಗಳನ್ನು 1996ರ ಫೆಬ್ರವರಿಯಲ್ಲಿ ಅಂತರಜಾಲದ ತಜ್ಞರು ಮೀಸಲಿಟ್ಟರು. 10 ಎಂದು ಆರಂಭವಾಗುವ ಗುಂಪಿನಲ್ಲಿ 1,67,77,216 ವಿಳಾಸಗಳಿವೆ. 172.16ರಿಂದ 172.31ರವರೆಗಿನದರಲ್ಲಿ 10,48,576, ಮತ್ತು 192.168 ಎಂಬುದರಲ್ಲಿ 65,536. ಇವನ್ನು ಯಾರ ಅನುಮತಿಯೂ ಇಲ್ಲದೆ ಯಾರೂ ತಮ್ಮ ಮನೆಯೊಳಗೆ ಬಳಸಬಹುದು. ಹೊರಗಿನ ಲೋಕದಲ್ಲಿ ಇವು ಚಲಾವಣೆಯಾಗುವುದಿಲ್ಲ. ಇಷ್ಟು ಧಾರಾಳವಾಗಿ ಕೊಟ್ಟಿದ್ದರೂ ರೂಟರ್ ತಯಾರಕರಲ್ಲಿ ಬಹುಮಂದಿ 192.168.0 ಅಥವಾ 192.168.1 ಎಂಬೆರಡನ್ನೇ ಮತ್ತೆ ಮತ್ತೆ ಅಚ್ಚು ಹೊಯ್ದಂತೆ ಕೊಟ್ಟುಬಿಟ್ಟರು. ಸಣ್ಣ ಕಚೇರಿಗಳೂ ಅದನ್ನೇ ಇಟ್ಟುಕೊಂಡವು. ಪರಿಣಾಮವಾಗಿ ಮನೆಯೂ 192.168.1, ಕಚೇರಿಯೂ 192.168.1. ಗಣಕವು ಪ್ರಿಂಟರಿಗೆಂದು ಕಳುಹಿಸಿದ ಕಾಗದ ಕಚೇರಿಯ ಯಾವುದೋ ಯಂತ್ರದ ಬಾಗಿಲು ತಟ್ಟುತ್ತದೆ. ಇಲ್ಲವೇ ಕಚೇರಿಯ ಯಂತ್ರಕ್ಕೆಂದು ಹೊರಟದ್ದು ಮನೆಯೊಳಗೇ ಸುತ್ತುತ್ತದೆ.

ಇದರ ಪರಿಹಾರ ನಮ್ಮ ಕೈಯಲ್ಲೇ ಇದೆ, ಅದಕ್ಕೆ ಕಚೇರಿಯ ಅಪ್ಪಣೆ ಬೇಕಿಲ್ಲ. ರೂಟರಿನ ಪುಟಕ್ಕೆ ಹೋಗಿ ಮನೆಯ ಜಾಲಕ್ಕೆ ಅಪರೂಪದ ಅಂಕಿಯನ್ನು ಕೊಟ್ಟರಾಯಿತು: 192.168.87 ಅಥವಾ 10.73.41 ಎಂಬಂಥದು. ಬಳಿಕ ಎಲ್ಲ ಉಪಕರಣಗಳನ್ನು ಒಮ್ಮೆ ಆರಿಸಿ ಹೊತ್ತಿಸಬೇಕು. ಕ್ಯಾಮರಾಕ್ಕೋ ಪ್ರಿಂಟರಿಗೋ ಹಿಂದೆ ಕೈಯಾರೆ ವಿಳಾಸ ಬರೆದುಕೊಟ್ಟಿದ್ದರೆ ಅದನ್ನೂ ತಿದ್ದಬೇಕು. ಮದುವೆಯಾಗಿ ಬರುವ ಸೊಸೆ ಯಾವ ಸಂಸ್ಥೆಯವಳೋ ಯಾರು ಬಲ್ಲರು. ಹೊಸ ರೂಟರ್ ಕೊಂಡ ದಿನವೇ ಈ ಅಂಕಿಯನ್ನು ಬದಲಿಸಿಡುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಮೊದಲನೆಯ ಕಾರಣಕ್ಕೆ, ಎಂದರೆ ಕಚೇರಿಯ ನಿಷೇಧಕ್ಕೆ ಮರಳೋಣ. ಇದನ್ನು ದರ್ಪವೆಂದು ಭಾವಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕಿಡಿಗೇಡಿ ತಂತ್ರಾಂಶವೊಂದು ಲೋಕದ ಮನೆಮನೆಗಳ ಕ್ಯಾಮರಾ, ರೂಟರುಗಳ ಒಳಹೊಕ್ಕಿತು. ಅದು ಬಳಸಿದ ಉಪಾಯ ತೀರಾ ಸಾಧಾರಣ: ತಯಾರಕರು ಕೊಟ್ಟ ಗುಪ್ತಪದವನ್ನು ಮನೆಯವರು ಬದಲಿಸಿರಲಿಲ್ಲ, ಅಷ್ಟೇ. ಹಾಗೆ ವಶವಾದ ಉಪಕರಣಗಳ ಸೈನ್ಯ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆರಗಿ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಅಲುಗಾಡಿಸಿತು. ಅಂಗಳದ ಒಂದು ಅಗ್ಗದ ಕ್ಯಾಮರಾ ಹೀಗೆ ಪರರ ವಶವಾಗಿದ್ದರೆ, ಅದರ ಪಕ್ಕದಲ್ಲೇ ಕುಳಿತ ಕಚೇರಿಯ ಗಣಕ ಒಂದು ಕಾಲನ್ನು ಮನೆಯಲ್ಲೂ ಇನ್ನೊಂದನ್ನು ಬೆಂಗಳೂರಿನ ಉಗ್ರಾಣದಲ್ಲೂ ಇಟ್ಟ ಸೇತುವೆಯಾಗುತ್ತದೆ. ಸಾವಿರ ಮನೆಗಳ ಸಾವಿರ ಕ್ಯಾಮರಾಗಳನ್ನು ಕಚೇರಿಯವರು ಪರೀಕ್ಷಿಸಲಾರರು. ಸೇತುವೆಯನ್ನೇ ಎತ್ತಿಬಿಡುವುದು ಅವರಿಗೆ ಸುಲಭ.

ಇದರ ಎದುರು ಪಕ್ಷವೂ ಇದೆ. ಎಲ್ಲವನ್ನೂ ಸುರಂಗಕ್ಕೆ ತಳ್ಳಿದರೆ ಸೊಸೆ ಬಿಡುವಿನ ಹೊತ್ತಿನಲ್ಲಿ ತೆರೆದ ಬ್ಯಾಂಕಿನ ಪುಟ, ಓದಿದ ಸುದ್ದಿ, ವೈದ್ಯರ ತಾಣದ ಭೇಟಿ ಕೂಡ ಕಚೇರಿಯ ಬಾಗಿಲ ಮುಂದಿನಿಂದಲೇ ಹಾದುಹೋಗುತ್ತದೆ. ಕಚೇರಿಯ ಯಂತ್ರಕ್ಕೂ ಅದು ಹೊರೆ. ಕಚೇರಿಗೆ ಸಂಬಂಧಿಸಿದ್ದನ್ನು ಮಾತ್ರ ಸುರಂಗಕ್ಕೆ ಬಿಟ್ಟು ಉಳಿದದ್ದನ್ನು ತನ್ನ ದಾರಿಗೆ ಬಿಡುವ ಕ್ರಮವೊಂದಿದೆ. ಅದಕ್ಕೆ ‘ಸ್ಪ್ಲಿಟ್ ಟನೆಲಿಂಗ್’, ಕವಲು ಸುರಂಗ ಎನ್ನಬಹುದು. 2020ರಲ್ಲಿ ಲೋಕಕ್ಕೆ ಲೋಕವೇ ಮನೆಯಿಂದ ದುಡಿಯತೊಡಗಿದಾಗ ಸುರಂಗಗಳು ಉಸಿರುಕಟ್ಟಿದವು. ತನ್ನ ಕಚೇರಿ ತಂತ್ರಾಂಶಗಳ ಸಂಚಾರವನ್ನು ಸುರಂಗದಿಂದ ಹೊರಗಿಡಿರೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಅಂದು ಸಲಹೆಯಿತ್ತಿತು. ಆದ್ದರಿಂದ ಪ್ರಿಂಟರಿಗೊಂದು ಕವಲು ಕೊಡಿ ಎಂದು ಕೇಳುವುದು ಅತಿಯಾಸೆಯ ಬೇಡಿಕೆಯಲ್ಲ. ಪ್ರಸಿದ್ಧ ವಿ.ಪಿ.ಎನ್. ತಂತ್ರಾಂಶಗಳಲ್ಲಿ ಮನೆಯ ಜಾಲಕ್ಕೆ ಅವಕಾಶ ಕೊಡುವ ಗುಂಡಿ ಇದ್ದೇ ಇರುತ್ತದೆ. ಕಚೇರಿಯ ಕಡೆಯಿಂದಲೂ ಒಪ್ಪಿಗೆ ಬಂದರೆ ಮಾತ್ರ ಅದು ಕೆಲಸ ಮಾಡುತ್ತದೆ. ನೆರೆಮನೆಯ ಹುಡುಗ ಈ ಕಡೆಯ ಗುಂಡಿಯನ್ನು ಒತ್ತಬಲ್ಲ, ಆ ಕಡೆಯದನ್ನು ಒತ್ತಲಾರ. ಒತ್ತಲು ಹೋಗಿ ದಾರಿಪಟ್ಟಿಯನ್ನೇ ಕೈಯಾರೆ ತಿದ್ದಿದರೆ, ಅದನ್ನು ಪತ್ತೆಹಚ್ಚುವ ಕಾವಲು ತಂತ್ರಾಂಶ ಹಲವು ಸಂಸ್ಥೆಗಳ ಗಣಕಗಳಲ್ಲಿ ಇರುತ್ತದೆ. ಸೊಸೆಯ ಭಯ ಸಕಾರಣವಾದದ್ದು.

ಆದುದರಿಂದ ಆ ಮನೆಗೆ ನನ್ನ ಸಲಹೆ ಹೀಗೆ. ಮಾವನವರ ರಶೀದಿಯನ್ನೂ ಕರೆಯೋಲೆಯನ್ನೂ ಕಚೇರಿಯ ಗಣಕದಿಂದ ಅಚ್ಚು ಮಾಡಿಸುವುದೇ ಬೇಡ. ಮನೆಯವರ ಮೊಬೈಲಿನಿಂದ ಮಾಡಿಸಿ. ಇಂದಿನ ಪ್ರಿಂಟರುಗಳಲ್ಲಿ ಹೆಚ್ಚಿನವು ಮೊಬೈಲಿನ ಮಾತು ಕೇಳುತ್ತವೆ, ಮೊಬೈಲು ಸುರಂಗ ಹೊಕ್ಕಿಲ್ಲವಾದುದರಿಂದ ಹಗಲಿಡೀ ಪ್ರಿಂಟರ್ ಅದರ ಕಣ್ಣಿಗೆ ಬೀಳುತ್ತದೆ. ಕಚೇರಿಯ ಕಾಗದವನ್ನೇ ಅಚ್ಚು ಮಾಡಬೇಕಾಗಿದ್ದರೆ ಸೊಸೆ ಕಚೇರಿಯ ಗಣಕ ವಿಭಾಗಕ್ಕೆ ಒಂದು ಪತ್ರ ಬರೆಯಲಿ; ಪ್ರಿಂಟರಿನ ವಿಳಾಸವನ್ನು ತಿಳಿಸಿ, ಅದೊಂದಕ್ಕೆ ಮಾತ್ರ ಅವಕಾಶ ಕೇಳಲಿ. ‘ಮನೆಯ ಜಾಲವೆಲ್ಲ ಬೇಕು’ ಎಂಬ ಕೋರಿಕೆಗಿಂತ ‘ಈ ಒಂದು ಯಂತ್ರ ಸಾಕು’ ಎಂಬುದಕ್ಕೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಅದೂ ಆಗದಿದ್ದರೆ ಯು.ಎಸ್.ಬಿ. ತಂತಿಯಿಂದ ಪ್ರಿಂಟರನ್ನು ಗಣಕಕ್ಕೆ ನೇರವಾಗಿ ಜೋಡಿಸಬಹುದು. ತಂತಿಗೆ ಜಾಲವೂ ಇಲ್ಲ, ದಾರಿಪಟ್ಟಿಯೂ ಇಲ್ಲ. ಸುರಂಗ ಅದನ್ನು ಮುಟ್ಟುವುದಿಲ್ಲ. ಯು.ಎಸ್.ಬಿ.ಯನ್ನೂ ಮುಚ್ಚಿಟ್ಟ ಸಂಸ್ಥೆಗಳಿವೆ, ಅಲ್ಲಿ ಸಂಜೆಯವರೆಗೆ ಕಾಯುವುದೇ ದಾರಿ.

ಇನ್ನು ಸ್ವಂತ ಗಣಕದಲ್ಲಿ ಹಣಕೊಟ್ಟು ವಿ.ಪಿ.ಎನ್. ಸೇವೆ ಪಡೆಯುವವರ ಮಾತು. ಇಲ್ಲಿ ಯಜಮಾನರು ನೀವೇ. ತಂತ್ರಾಂಶದ ಹೊಂದಾಣಿಕೆಗಳಲ್ಲಿ ‘ಅಲೋ ಲ್ಯಾನ್’ ಅಥವಾ ‘ಲೋಕಲ್ ನೆಟ್‌ವರ್ಕ್ ಶೇರಿಂಗ್’ ಎಂಬಂಥ ಹೆಸರಿನ ಗುಂಡಿಯನ್ನು ಹುಡುಕಿ ಒತ್ತಿದರೆ ಪ್ರಿಂಟರೂ ಟಿ.ವಿ.ಯೂ ಮರಳಿ ಬರುತ್ತವೆ. ಆಂಡ್ರಾಯ್ಡ್ ಮೊಬೈಲಿನ ಹಲವು ಸೇವೆಗಳಲ್ಲಿ ಇಂತಿಂಥ ಆ್ಯಪ್‌ಗಳು ಸುರಂಗದ ಹೊರಗಿರಲಿ ಎಂದು ಒಂದೊಂದಾಗಿ ಆರಿಸಬಹುದು. ಬ್ಯಾಂಕಿನ ಆ್ಯಪನ್ನು ಹೀಗೆ ಹೊರಗಿಡುವುದು ಲೇಸು. ಸುರಂಗದ ಆ ತುದಿ ಹಾಲೆಂಡಿನಲ್ಲೋ ಸಿಂಗಪುರದಲ್ಲೋ ಇದ್ದರೆ ಬ್ಯಾಂಕು ನಿಮ್ಮನ್ನು ಸಂಶಯದಿಂದ ನೋಡೀತು. ನಮ್ಮ ದೇಶದ ಸರಕಾರಿ ತಾಣಗಳಲ್ಲಿ ಕೆಲವು ಹೊರದೇಶದ ವಿಳಾಸಕ್ಕೆ ತೆರೆಯುವುದೇ ಇಲ್ಲ. ‘ನೀವು ಯಾರೆಂದು ಯಾರಿಗೂ ತಿಳಿಯದು’ ಎಂಬ ಜಾಹೀರಾತಿನ ಮಾತಿಗೂ ಮರುಳಾಗಬೇಡಿ. 2022ರ ಏಪ್ರಿಲ್ 28ರಂದು ಕೇಂದ್ರದ ‘ಸರ್ಟ್-ಇನ್’ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ ಇಂಥ ಸೇವೆ ನೀಡುವವರು ಗಿರಾಕಿಗಳ ಹೆಸರು, ವಿಳಾಸ ಮೊದಲಾದ ವಿವರಗಳನ್ನು ಐದು ವರ್ಷ ಕಾಪಿಡಬೇಕು. ಅದಕ್ಕೆ ಒಪ್ಪದೆ ಎಕ್ಸ್‌ಪ್ರೆಸ್ ವಿ.ಪಿ.ಎನ್., ನಾರ್ಡ್ ವಿ.ಪಿ.ಎನ್. ಮುಂತಾದವು ಅದೇ ವರ್ಷ ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದುಬಿಟ್ಟವು. ಕಚೇರಿಗಳು ತಮ್ಮ ನೌಕರರಿಗಾಗಿ ಇಟ್ಟುಕೊಂಡ ಸುರಂಗಗಳಿಗೆ ಈ ವಿಧಿ ಅನ್ವಯಿಸುವುದಿಲ್ಲವೆಂದು ಬಳಿಕ ಸ್ಪಷ್ಟಪಡಿಸಲಾಯಿತು.

ಮನೆಯಲ್ಲಿ ಒತ್ತಿದ ಆ ಗುಂಡಿ ಮನೆಯಿಂದ ಹೊರಟಾಗ ಏನಾಗಬೇಕು ಎಂಬ ಬಗ್ಗೆ ಎಚ್ಚರ ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ‘ಮನೆಯ ಜಾಲದೊಡನೆ ನೇರವಾಗಿ ಮಾತಾಡು’ ಎಂದು ಗಣಕಕ್ಕೆ ಅಪ್ಪಣೆ ಕೊಟ್ಟಿದ್ದೀರಿ. ಗಣಕಕ್ಕೆ ‘ಮನೆ’ ಎಂದರೆ ಯಾವುದು? ಅದು ಆ ಹೊತ್ತಿಗೆ ಸೇರಿಕೊಂಡ ವೈಫೈ ಯಾವುದೋ ಅದೇ ಅದರ ಮನೆ. ವಸತಿಗೃಹದ, ನಿಲ್ದಾಣದ ವೈಫೈ ಕೂಡ ಅದರ ದೃಷ್ಟಿಯಲ್ಲಿ ಮನೆಯೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮತ್ತು ಬೆಲ್ಜಿಯಮಿನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಅರುವತ್ತಕ್ಕೂ ಹೆಚ್ಚು ವಿ.ಪಿ.ಎನ್. ಸೇವೆಗಳನ್ನು ಪರೀಕ್ಷಿಸಿ, 2023ರ ಆಗಸ್ಟಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ತೋರಿಸಿದ್ದು ಇಷ್ಟು: ಮೋಸದ ವೈಫೈ ಇಟ್ಟವನು, ಹೊರಲೋಕದ ಯಾವುದಾದರೂ ತಾಣದ ವಿಳಾಸಗಳನ್ನೇ ‘ಇದು ಈ ಮನೆಯ ವಿಳಾಸ’ ಎಂದು ಗಣಕಕ್ಕೆ ಸುಳ್ಳು ಹೇಳಬಹುದು. ನಿಖರವಾದ ಸಾಲು ಗೆಲ್ಲುವ ನಿಯಮವೊಂದಿದೆಯಲ್ಲ, ಅದರಂತೆ ಆ ತಾಣಕ್ಕೆ ಹೋಗಬೇಕಾದದ್ದು ಸುರಂಗ ಬಿಟ್ಟು ನೇರವಾಗಿ ಮೋಸಗಾರನ ಕೈಸೇರುತ್ತದೆ. ವಿ.ಪಿ.ಎನ್. ಮಾತ್ರ ಎಲ್ಲ ಕ್ಷೇಮವೆಂದು ಹಸಿರು ದೀಪ ತೋರುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಐಫೋನಿನ ಸೇವೆಗಳು ಸುಲಭವಾಗಿ ಸಿಲುಕಿದವು. ಆಂಡ್ರಾಯ್ಡ್ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಬೇರೊಂದು ತಂಡ ಇದೇ ಜಾತಿಯ ಇನ್ನೊಂದು ಬಿರುಕನ್ನು ಬಯಲಿಗೆ ತಂದಿತು. ವಿಳಾಸ ಹಂಚುವ ರೂಟರ್ ತನ್ನ ಜೊತೆಗೆ ದಾರಿಪಟ್ಟಿಯ ಸಾಲುಗಳನ್ನೂ ಹಂಚಬಹುದೆಂಬ 2002ರ ಹಳೆಯ ಸೌಲಭ್ಯವೇ ಅಲ್ಲಿ ಕಳ್ಳಕಿಂಡಿಯಾಗಿತ್ತು.

ಬ್ಯಾಂಕಿನ ತಾಣಗಳು ಇಂದು ತಮ್ಮದೇ ಗೂಢಲಿಪಿಯನ್ನೂ ಬಳಸುವುದರಿಂದ ಹೀಗೆ ಜಾರಿದ್ದೆಲ್ಲ ಓದಲು ಸಿಗುತ್ತದೆಂದಲ್ಲ. ಆದರೆ ಯಾರು ಯಾವ ತಾಣಕ್ಕೆ ಹೋದರೆಂಬುದು ತಿಳಿಯುತ್ತದೆ. ಅದನ್ನು ಮರೆಮಾಡಲೆಂದೇ ಅಲ್ಲವೇ ಸುರಂಗ ಕೊಂಡದ್ದು. ಆದುದರಿಂದ ಪ್ರಯಾಣಕ್ಕೆ ಹೊರಡುವಾಗ ಮನೆಯ ಜಾಲದ ಗುಂಡಿಯನ್ನು ಆರಿಸಿ ಹೊರಡಿ. ಅದಕ್ಕಿಂತಲೂ ಸುಲಭವಾದುದು ಗುರುತಿಲ್ಲದ ವೈಫೈಯ ಗೊಡವೆಗೆ ಹೋಗದೆ ಸ್ವಂತ ಮೊಬೈಲಿನ ಅಂತರಜಾಲವನ್ನೇ ಗಣಕಕ್ಕೆ ಹಂಚಿಕೊಳ್ಳುವುದು.

ಇದುವರೆಗೆ ಮನೆಯಲ್ಲಿ ಕುಳಿತು ಹೊರಗೆ ಹೋದವರ ಕಥೆಯಾಯಿತು. ಹೊರಗಿದ್ದು ಮನೆಗೆ ಬರಬೇಕಾದವರೂ ನಮ್ಮಲ್ಲಿ ಬಹಳ. ದುಬಾಯಿಯಲ್ಲಿರುವ ಮಗನಿಗೆ ತರವಾಡು ಮನೆಯ ಅಂಗಳವನ್ನು ಕ್ಯಾಮರಾದಲ್ಲಿ ನೋಡುವ ಆಸೆ; ಸೊಲ್ಲಾಪುರದಿಂದ ಪುಣೆಗೆ ಹೋದ ಮಗಳಿಗೆ ಮನೆಯ ಗಟ್ಟಿತಟ್ಟೆಯಲ್ಲಿಟ್ಟ ಹಳೆಯ ಫೋಟೋಗಳು ಬೇಕು. ಕ್ಯಾಸೆಟ್ಟಿನಿಂದ ಇಳಿಸಿಟ್ಟ ತಾಳಮದ್ದಳೆಗಳು, ಎರಡು ಭಾಷೆಗಳಲ್ಲಿರುವ ಭೂಮಿಯ ದಾಖಲೆಗಳು, ಅಜ್ಜಿಯ ದನಿ: ಬೇರೆಲ್ಲೂ ಪ್ರತಿ ಇಲ್ಲದ ಎಷ್ಟೋ ವಸ್ತುಗಳು ಇಂದು ಆ ಪೆಟ್ಟಿಗೆಗಳಲ್ಲಿವೆ. ಅವನ್ನು ದೂರದಿಂದ ತಲುಪಲು ರೂಟರಿನಲ್ಲಿ ಒಂದು ಕಿಂಡಿ ಕೊರೆದು, ಪೆಟ್ಟಿಗೆಯನ್ನು ನೇರವಾಗಿ ಲೋಕದ ಮುಂದಿಡುವ ಅಭ್ಯಾಸ ಬಹಳ ಕಡೆ ಇದೆ. ಇದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. 2021ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಪೆಟ್ಟಿಗೆಗಳನ್ನು ಯಾರೋ ದೂರದಿಂದಲೇ ಒರೆಸಿಹಾಕಿದರು. ಲೋಕದ ನಾನಾ ಮೂಲೆಗಳ ಕುಟುಂಬಗಳು ವರ್ಷಾನುವರ್ಷದ ಚಿತ್ರಗಳನ್ನು ಒಂದೇ ದಿನದಲ್ಲಿ ಕಳೆದುಕೊಂಡವು. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ‘ಡೆಡ್‌ಬೋಲ್ಟ್’ ಎಂಬ ಬೀಗ ಬಿತ್ತು, ತೆರೆಯಲು 0.03 ಬಿಟ್‌ಕಾಯಿನ್ ಕೊಡಿ ಎಂದು ಬರೆದಿತ್ತು.

ಕಿಂಡಿಯ ಬದಲು ಮನೆಗೇ ಒಂದು ಸುರಂಗದ ಬಾಯಿ ಇಟ್ಟುಕೊಳ್ಳುವುದು ಉತ್ತಮ. ‘ವೈರ್‌ಗಾರ್ಡ್’ ಎಂಬ ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದ್ದು. 2020ರ ಮಾರ್ಚಿನಲ್ಲಿ ಅದು ಲಿನಕ್ಸ್‌ನ ತಿರುಳಿನೊಳಗೇ ಸೇರಿತು. ಕೆಲವು ರೂಟರುಗಳಲ್ಲಿ ಅದು ಇದ್ದೇ ಇದೆ, ಇಲ್ಲದಿದ್ದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕ ಸಾಕು. ದುಬಾಯಿಯ ಮಗನ ಮೊಬೈಲಿನಲ್ಲಿ ‘192.168.87ಕ್ಕೆ ಹೋಗುವುದು ಮಾತ್ರ ಸುರಂಗಕ್ಕೆ’ ಎಂದು ಬರೆದರೆ ಅವನ ಉಳಿದೆಲ್ಲ ಸಂಚಾರ ಅಲ್ಲಿನ ದಾರಿಯಲ್ಲೇ ಇರುತ್ತದೆ, ಮನೆಯದು ಮಾತ್ರ ಮನೆಗೆ ಬರುತ್ತದೆ. ಅಪರೂಪದ ಅಂಕಿ ಇಲ್ಲಿಯೂ ಉಪಕಾರಕ್ಕೆ ಬಂತು ನೋಡಿ; ಮನೆಯೂ ಅವನ ಕೋಣೆಯೂ 192.168.1 ಆಗಿದ್ದರೆ ಮತ್ತೆ ಹೊಸಮನೆಯ ಪೇಚಾಟ. ಅರಬ ಸಂಯುಕ್ತ ಸಂಸ್ಥಾನದಲ್ಲಿ ವಿ.ಪಿ.ಎನ್. ಇಟ್ಟುಕೊಳ್ಳುವುದೇ ಅಪರಾಧವೇನಲ್ಲ. ಆದರೆ ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ವಿಳಾಸ ಮರೆಸಿದರೆ 2021ರ ಕಾನೂನಿನ ಪ್ರಕಾರ ಸೆರೆವಾಸವನ್ನೂ 5 ಲಕ್ಷದಿಂದ 20 ಲಕ್ಷ ದಿರ್ಹಮಿನವರೆಗೆ ದಂಡವನ್ನೂ ವಿಧಿಸಬಹುದು. ಅಲ್ಲಿ ತಡೆದಿರುವುದನ್ನು ಮನೆಯ ಸುರಂಗದ ಮೂಲಕ ನೋಡುವ ಸಾಹಸಕ್ಕೆ ಯಾರೂ ಇಳಿಯದಿರಲಿ.

ಒಂದು ಅಡ್ಡಿ ಹಲವರಿಗೆ ಎದುರಾಗುತ್ತದೆ. ನಮ್ಮ ಕಡೆಯ ಅನೇಕ ಅಂತರಜಾಲ ಸೇವೆಗಳು ಮನೆಗೆ ಸ್ವಂತ ಹೊರವಿಳಾಸ ಕೊಡುವುದಿಲ್ಲ, ನೂರಾರು ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ ನಿಮ್ಮದು ಅಂಥ ಮನೆ. ಹೊರಗಿನಿಂದ ಬಂದವನಿಗೆ ನಿಮ್ಮ ಬಾಗಿಲು ಗುರುತು ಸಿಗದು. ಸೇವೆಯವರಿಂದ ಪ್ರತ್ಯೇಕ ವಿಳಾಸವನ್ನು ಹಣಕೊಟ್ಟು ಪಡೆಯಬಹುದು. ಇಲ್ಲವೇ ‘ಟೇಲ್‌ಸ್ಕೇಲ್’ನಂಥ ಸೇವೆಯ ಮೊರೆಹೋಗಬಹುದು, ಮನೆಯ ಯಂತ್ರವೂ ಮಗನ ಮೊಬೈಲೂ ಒಳಗಿನಿಂದಲೇ ಕೈಚಾಚಿ ನಡುವೆ ಭೇಟಿಯಾಗುವಂತೆ ಅದು ಏರ್ಪಡಿಸುತ್ತದೆ. ಮೊಬೈಲಿನಲ್ಲಿ ಒಂದು ಹೊತ್ತಿಗೆ ಒಂದೇ ಸುರಂಗ ನಡೆಯುವುದರಿಂದ, ಕಚೇರಿಯದು ಚಾಲೂ ಇರುವಾಗ ಮನೆಯದು ನಿಂತಿರುತ್ತದೆ ಎಂಬುದನ್ನೂ ಮಗನಿಗೆ ತಿಳಿಸಿರಬೇಕು.

ಸುರಂಗದ ಬೀಗದ ಕೈಯನ್ನು ಎಲ್ಲರಿಗೂ ಒಂದೇ ಎಂದು ಮಾಡಬೇಡಿ. ಮಗನ ಮೊಬೈಲಿಗೊಂದು, ಮಗಳ ಗಣಕಕ್ಕೊಂದು, ಬೇರೆಬೇರೆಯಾಗಿ ಕೊಟ್ಟು, ಯಾವುದು ಯಾರದೆಂದು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಒಬ್ಬರ ಮೊಬೈಲು ಕಳೆದುಹೋದರೆ ಅದೊಂದನ್ನು ಅಳಿಸಿದರಾಯಿತು. ಉಳಿದವರು ಎಂದಿನಂತೆ ಮನೆಗೆ ಬಂದುಹೋಗುತ್ತಿರುತ್ತಾರೆ.